ಮಹಾಳಿಯ ಕುಲಗೋತ್ರ

ಆಟಿ ತಿಂಗಳಲ್ಲಿ ಮಳೆ ಒಂದು ಗಳಿಗೆ ಬಿಡುವು ಕೊಟ್ಟು, ಚುರುಕು ಬಿಸಿಲು ಬಂದು, ಮತ್ತೆ ಧೋ ಎಂದು ಸುರಿಯತೊಡಗಿತೆಂದರೆ ಕಾಸರಗೋಡಿನ ಅಡಿಕೆ ಕೃಷಿಕರು ತಲೆಯೆತ್ತಿ ಗೊನೆ ನೋಡುವ ಮೊದಲು ಮರದ ಬುಡ ನೋಡುತ್ತಾರೆ. ನೆಕ್ರಾಜೆಯಿರಲಿ, ಬದಿಯಡ್ಕವಿರಲಿ, ಪೆರ್ಲವಿರಲಿ, ಗುಡ್ಡಗಳ ನಡುವಿನ ತಗ್ಗಿನಲ್ಲಿ ತೋಟ ಮಾಡಿಕೊಂಡವರಿಗೆಲ್ಲ ಇದು ರೂಢಿ. ಹಸಿರು ಕಾಯಿ ಉದುರಿದ್ದರೆ ಒಂದನ್ನು ಹೆಕ್ಕಿ ತೊಟ್ಟಿನ ಕಡೆ ತಿರುಗಿಸುತ್ತಾರೆ. ಅಲ್ಲಿ ನೀರಿನಲ್ಲಿ ನೆನೆದ ಹಾಗೆ ಕಡುಹಸಿರು ಕಲೆ ಇದ್ದು, ಕಾಯಿಯ ಹೊಳಪು ಅಡಗಿದ್ದರೆ ಮುಂದೆ ಹೆಚ್ಚಿನ ಪರೀಕ್ಷೆ ಬೇಕಿಲ್ಲ. ಎರಡು ಮೂರು ದಿನ ಬಿಟ್ಟರೆ ಅದೇ ಕಾಯಿಯ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಮಲೆನಾಡಿನವರು ಇದನ್ನು ಕೊಳೆರೋಗ ಎನ್ನುತ್ತಾರೆ, ಕಾಸರಗೋಡಿನಲ್ಲಿ ಮಹಾಳಿ ಎಂಬ ಹೆಸರೂ ಇದೆ.

ರೋಗ ಯಾವುದೆಂದು ಕೃಷಿಕರಿಗೆ ಒಂದು ನೋಟದಲ್ಲಿ ಗೊತ್ತಾಗುತ್ತದೆ. ರೋಗಾಣು ಯಾವುದೆಂದು ತೀರ್ಮಾನಿಸಲು ವಿಜ್ಞಾನಿಗಳು ನೂರು ವರ್ಷಕ್ಕೂ ಮಿಕ್ಕಿ ಹೆಣಗಿದ್ದಾರೆ. ಈ ಅವಧಿಯಲ್ಲಿ ಅದರ ಹೆಸರು ಮತ್ತೆ ಮತ್ತೆ ಬದಲಾಗಿದೆ, ಕುಲ ಗಟ್ಟಿಯಾಗಿದೆ, ಕೊನೆಗೆ ಅದು ಸೇರಿದ್ದ ಸಾಮ್ರಾಜ್ಯವೇ ಬೇರೆಯೆಂದು ತೀರ್ಪಾಗಿದೆ.

ಬೂಷ್ಟು ಬಂದ ಕಾಯಿಯ ಒಂದು ಚೂರನ್ನು ಸೂಜಿಯಿಂದ ಎತ್ತಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲು ಕಾಣುವುದು ಬಣ್ಣವಿಲ್ಲದ ಎಳೆಗಳ ಗೋಜಲು. ಒಂದೊಂದು ಎಳೆಯ ದಪ್ಪ ಐದಾರು ಮೈಕ್ರಾನ್ ಆಸುಪಾಸು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಳೆಗಳನ್ನು ಉದ್ದಕ್ಕೂ ಹುಡುಕಿದರೂ ಅಡ್ಡಗೋಡೆ ಸಿಗುವುದು ಅಪರೂಪ. ಒಂದೇ ಕೊಳವೆ ಕವಲೊಡೆಯುತ್ತ ಹೋಗುತ್ತದೆ, ಒಳಗಿನ ಜೀವರಸ ತಡೆಯಿಲ್ಲದೆ ಹರಿಯುತ್ತಿರುತ್ತದೆ. ಅಣಬೆಯ ಅಥವಾ ರೊಟ್ಟಿಯ ಮೇಲಿನ ಹಸಿರು ಬೂಷ್ಟಿನ ಎಳೆಯಲ್ಲಾದರೆ ಗೋಡೆಗಳು ಸಾಲಾಗಿ ಕಾಣಬೇಕಿತ್ತು. ಈ ಒಂದು ವ್ಯತ್ಯಾಸ ಹಳಬರ ಕಣ್ಣಿಗೂ ಬಿದ್ದಿತ್ತು, ಅದನ್ನು ಏನು ಮಾಡಬೇಕೆಂದು ಮಾತ್ರ ತಿಳಿದಿರಲಿಲ್ಲ.

ಎಳೆಗಳ ತುದಿಯಲ್ಲಿ ಬೀಜಾಣು ಚೀಲಗಳು. ಜಾತಿ ಯಾವುದೆಂದು ಹೇಳುವವರು ದಿನಗಟ್ಟಲೆ ಕಣ್ಣಿಟ್ಟು ಕೂರುವುದು ಇವುಗಳ ಮೇಲೆಯೇ. ಉದ್ದ ಸುಮಾರು 40ರಿಂದ 50 ಮೈಕ್ರಾನ್, ಆಕಾರ ನಿಂಬೆಹಣ್ಣಿನದು, ಹಣ್ಣಿನ ತುದಿಯಲ್ಲಿರುವಂಥ ಮೊಟ್ಟೂ ಇದಕ್ಕಿದೆ. ಆ ಮೊಟ್ಟಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ: ಕೆಲವು ಜಾತಿಗಳಲ್ಲಿ ಅದು ಎದ್ದು ಕಾಣುತ್ತದೆ, ಕೆಲವದರಲ್ಲಿ ಅರೆಬರೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಅಡಿಕೆಯಿಂದ ಬಂದದ್ದರಲ್ಲಿ ಸ್ಪಷ್ಟವಾಗಿ ಇದೆ. ಇನ್ನೊಂದು ತುದಿಯಲ್ಲಿ ಪುಟ್ಟ ತೊಟ್ಟು. ಮಳೆಹನಿ ಬಿದ್ದಾಗ ಚೀಲ ಈ ತೊಟ್ಟಿನ ಸಮೇತ ಕಳಚಿಕೊಂಡು ಗಾಳಿಯ ಜೊತೆ ಪಕ್ಕದ ಗೊನೆಗೆ, ಪಕ್ಕದ ಮರಕ್ಕೆ ಹಾರುತ್ತದೆ. ತೊಟ್ಟಿನ ಉದ್ದ ಎಷ್ಟೆಂದು ಅಳೆಯುವುದು ಹುಚ್ಚು ಹಟದ ಕೆಲಸದಂತೆ ಕಾಣಬಹುದು. ಆದರೆ ಮುಂದೆ ಬರುವ ಜಗಳವೆಲ್ಲ ಈ ಕೆಲವು ಮೈಕ್ರಾನ್ ತೊಟ್ಟಿನದೇ.

ಸ್ಲೈಡಿನ ನೀರು ತಣ್ಣಗಿದ್ದರೆ, ನೋಡುವವರಿಗೆ ತುಸು ತಾಳ್ಮೆಯೂ ಇದ್ದರೆ, ಚೀಲದ ಒಳಗಿನ ಜೀವರಸ ತುಂಡುತುಂಡಾಗಿ ಬೇರ್ಪಡುವುದು ಕಾಣಿಸುತ್ತದೆ. ಮೊಟ್ಟು ಇದ್ದಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ನೋಡನೋಡುತ್ತಿದ್ದಂತೆ ಒಳಗಿನ ಬೀಜಾಣುಗಳು ಒಂದರ ಹಿಂದೆ ಒಂದು ನುಗ್ಗಿ ಹೊರಬಂದು ಈಜತೊಡಗುತ್ತವೆ. ಹುರುಳಿಕಾಳಿನಂತೆ ಬಾಗಿದ ಮೈ, ಒಳಬಾಗಿನಲ್ಲಿ ಒಂದು ತೋಡು, ಆ ತೋಡಿನಿಂದ ಹೊರಟ ಎರಡು ಚಾವಟಿಗಳು. ಮುಂದಿನ ಚಾವಟಿಯ ಮೈತುಂಬ ನವಿರಾದ ಕೂದಲು, ಹಿಂದಿನದು ನುಣುಪು. ಕೂದಲು ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು, ಈಜುವ ಗತ್ತನ್ನು ಕಾಲೇಜಿನ ಪ್ರಯೋಗಶಾಲೆಯಲ್ಲೂ ನೋಡಬಹುದು. ಸ್ವಲ್ಪ ಹೊತ್ತು ಸುತ್ತಾಡಿದ ಬೀಜಾಣು ಚಾವಟಿ ಕಳೆದುಕೊಂಡು ಗುಂಡಗಾಗುತ್ತದೆ, ಮೈಗೆ ಗೋಡೆ ಕಟ್ಟಿಕೊಳ್ಳುತ್ತದೆ, ಆಮೇಲೆ ಮೊಳಕೆಯೊಡೆದು ಕಾಯಿಯ ಸಿಪ್ಪೆಯೊಳಗೆ ಇಳಿಯುತ್ತದೆ. ಅಡಿಕೆಯ ತೊಟ್ಟಿನ ಸುತ್ತಲಿನ ಎಸಳುಗಳ ಸಂದಿನಲ್ಲಿ ಮಳೆನೀರು ನಿಲ್ಲುತ್ತದೆ. ಕಲೆ ಮೊದಲು ಅಲ್ಲೇ ಏಕೆ ಏಳುತ್ತದೆ ಎಂಬುದಕ್ಕೆ ಇಷ್ಟು ವಿವರ ಸಾಕು. ಈಜಲು ಅದಕ್ಕೆ ಒಂದು ಹನಿ ನೀರು ಧಾರಾಳವಾಯಿತು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತಂಪು 20ರಿಂದ 23 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ಶೇಕಡಾ 90 ದಾಟಿದ್ದರೆ ರೋಗಕ್ಕೆ ಹಬ್ಬ.

ಹೆಸರಿಡುವ ಕಥೆ ಶುರುವಾದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಭಾರತ ಸರಕಾರದ ಶಿಲೀಂಧ್ರ ತಜ್ಞ ಇ. ಜೆ. ಬಟ್ಲರ್ 1906ರಲ್ಲಿ ತಾಳೆ ಜಾತಿಯ ಮರಗಳ ರೋಗಗಳ ಬಗ್ಗೆ ಬರೆದಾಗ ಅಡಿಕೆಯ ಕೊಳೆರೋಗವನ್ನೂ ಸೇರಿಸಿಕೊಂಡರು. ಎರಡು ವರ್ಷದ ಬಳಿಕ, 1908ರಲ್ಲಿ, ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದರು. ಕೀಟ ಮತ್ತು ಶಿಲೀಂಧ್ರ ಎರಡೂ ಅವರ ಪಾಲಿನ ಕೆಲಸ. ಮುಂದೆ ಇದೇ ಕೋಲ್ಮನ್ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾದರು, ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಎಂದು ಅವರ ಹೆಸರಿನ ಜೊತೆ ಬರುವ ಸಂಸ್ಥೆಗಳ ಸಾಲು ದೊಡ್ಡದು. ಬಂದ ಹೊಸತಿನಲ್ಲಿ ಅವರ ಕೈಹಿಡಿದದ್ದು ಮಾತ್ರ ಮಲೆನಾಡಿನ ತೋಟಗಳ ಈ ಕೊಳೆತ ಕಾಯಿ. 1910ರಲ್ಲಿ ಅವರು ಪ್ರಕಟಿಸಿದ ಪುಸ್ತಿಕೆಯಲ್ಲಿ ರೋಗಾಣುವಿಗೆ ‘ಫೈಟೋಫ್ತೋರಾ ಓಮ್ನಿವೋರಾ’ ಜಾತಿಯ ‘ಅರೆಕೇ’ ಎಂಬ ಉಪಭೇದ ಎಂದು ಸ್ಥಾನ ಕೊಟ್ಟರು. ಫೈಟೋಫ್ತೋರಾ ಎಂಬ ಕುಲದ ಹೆಸರು ಅದಾಗಲೇ ಪ್ರಸಿದ್ಧ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ರೋಗಾಣುವಿಗಾಗಿ ಜರ್ಮನಿಯ ಆಂಟನ್ ಡಿ ಬಾರಿ 1876ರಲ್ಲಿ ಕಟ್ಟಿದ ಕುಲ ಅದು.

ಕೋಲ್ಮನ್ ಇಟ್ಟ ಹೆಸರು ಮೂರೇ ವರ್ಷ ಬಾಳಿತು. ಐರ್ಲೆಂಡಿನಲ್ಲಿ ಆಲೂಗಡ್ಡೆಯ ಇನ್ನೊಂದು ಕೊಳೆತವನ್ನು ಅಭ್ಯಾಸ ಮಾಡುತ್ತಿದ್ದ ಜಾರ್ಜ್ ಪೆಥಿಬ್ರಿಜ್ 1913ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಫೈಟೋಫ್ತೋರಾದಲ್ಲಿ ಹೆಣ್ಣು ಅಂಗ ಗುಂಡಗಿನ ಚೀಲ, ಗಂಡು ಅಂಗ ಅದಕ್ಕೆ ಅಂಟಿಕೊಳ್ಳುವ ಸಣ್ಣ ಕೋಶ. ಓಮ್ನಿವೋರಾದಲ್ಲಿ ಗಂಡು ಪಕ್ಕದಲ್ಲಿ ಅಂಟಿಕೊಳ್ಳುತ್ತದೆ. ಪೆಥಿಬ್ರಿಜ್ ಕಂಡದ್ದರಲ್ಲಿ ಹೆಣ್ಣಿನ ಎಳೆ ಗಂಡು ಕೋಶದ ಬುಡದಲ್ಲಿ ತೂರಿ, ಮೇಲೆ ಹೊರಬಂದು ಅಲ್ಲಿ ಉಬ್ಬಿ ಗುಂಡಗಾಗುತ್ತದೆ. ಗಂಡು ಕೊನೆಗೆ ಹೆಣ್ಣಿನ ಬುಡಕ್ಕೆ ಬಳೆ ತೊಡಿಸಿದ ಹಾಗೆ ಉಳಿಯುತ್ತದೆ. ಅಡಿಕೆಯ ರೋಗಾಣುವೂ ಈ ಪಂಗಡಕ್ಕೇ ಸೇರಿದ್ದು. ಅದನ್ನು ಓಮ್ನಿವೋರಾದಿಂದ ಬಿಡಿಸಿ ‘ಫೈಟೋಫ್ತೋರಾ ಅರೆಕೇ’ ಎಂಬ ಸ್ವತಂತ್ರ ಜಾತಿಯಾಗಿ ನಿಲ್ಲಿಸಿದವರು ಪೆಥಿಬ್ರಿಜ್. ಮಲೆನಾಡಿನ ಅಡಿಕೆಯ ಕಾಯಿಲೆಗೆ ಜಾತಿ ಪಟ್ಟ ಸಿಕ್ಕಿದ್ದು ಹೀಗೆ, ಆಲೂಗಡ್ಡೆಯ ಮೇಲಿನ ಒಂದು ಲೇಖನದಲ್ಲಿ.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಗೋದಾವರಿ ಸೀಮೆಯ ತಾಳೆ ಮತ್ತು ತೆಂಗಿನ ಸುಳಿಕೊಳೆತದಿಂದ ಬಟ್ಲರ್ ವರ್ಣಿಸಿದ ಇನ್ನೊಂದು ಜಾತಿ, ‘ಫೈಟೋಫ್ತೋರಾ ಪಾಮಿವೋರಾ’, ಅಡಿಕೆಯದಕ್ಕೆ ತೀರ ಹತ್ತಿರದಲ್ಲಿತ್ತು. ಇದರ ಬೀಜಾಣು ಚೀಲಕ್ಕೂ ಎದ್ದು ಕಾಣುವ ಮೊಟ್ಟು, ಇದೂ ಮಳೆಗೆ ಕಳಚಿ ಬೀಳುವಂಥದ್ದು, ತೊಟ್ಟು ಮಾತ್ರ ಮೊಂಡು, ಐದು ಮೈಕ್ರಾನಿನ ಒಳಗೆ. ಕೇರಳದ ರಬ್ಬರ್ ಮರಗಳ ಎಲೆ ಮಳೆಗಾಲದಲ್ಲಿ ಅಕಾಲಕ್ಕೆ ಉದುರುವುದಕ್ಕೆ ಕಾರಣ ಹುಡುಕಿದ ಡಬ್ಲ್ಯು. ಮೆಕ್ರೇ 1918ರಲ್ಲಿ ‘ಫೈಟೋಫ್ತೋರಾ ಮೀಡಿಯೈ’ ಎಂಬ ಮೂರನೆಯದನ್ನು ತಂದರು. ಅದರ ತೊಟ್ಟು ಮಧ್ಯಮ, ಸುಮಾರು ಹತ್ತರಿಂದ ಇಪ್ಪತ್ತು ಮೈಕ್ರಾನ್. ಪಾಮಿವೋರಾ ಕಷ್ಟಕಾಲಕ್ಕೆ ದಪ್ಪ ಗೋಡೆಯ ಗುಂಡು ಕೋಶಗಳನ್ನು ರಾಶಿ ಮಾಡುತ್ತದೆ, ಮೀಡಿಯೈ ಅಪರೂಪಕ್ಕೆ. ಕಾಗದದ ಮೇಲೆ ಈ ಭೇದಗಳು ಗೆರೆ ಕೊರೆದಷ್ಟು ಖಚಿತ. ಪ್ರಯೋಗಶಾಲೆಯ ತಟ್ಟೆಯಲ್ಲಿ ಹಾಗಿರುವುದಿಲ್ಲ. ಯಾವ ಅಗರಿನಲ್ಲಿ ಬೆಳೆಸಿದಿರಿ, ಬೆಳಕು ಬಿತ್ತೇ, ನೀರಿನಲ್ಲಿ ಎಷ್ಟು ಹೊತ್ತು ಇಟ್ಟಿರಿ ಎಂಬುದರ ಮೇಲೆ ಚೀಲದ ಆಕಾರವೂ ತೊಟ್ಟಿನ ಉದ್ದವೂ ಹೆಚ್ಚುಕಡಿಮೆ ಆಗುತ್ತವೆ. ಲಿಂಗದ ಅಂಗಗಳನ್ನು ನೋಡೋಣವೆಂದರೆ ಇವು ಒಂಟಿಯಾಗಿ ಅವನ್ನು ಬೆಳೆಸುವುದೇ ಇಲ್ಲ. ಎ1 ಮತ್ತು ಎ2 ಎಂಬ ಎರಡು ಬಗೆಗಳು ಒಟ್ಟಾದರೆ ಮಾತ್ರ ಉಂಟು.

ಹೀಗಿದ್ದೂ ಆಕಾರ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇಂಗ್ಲೆಂಡಿನ ಕ್ಯೂನಲ್ಲಿದ್ದ ಗ್ರೇಸ್ ವಾಟರ್‌ಹೌಸ್ 1963ರಲ್ಲಿ ಕುಲದ ಎಲ್ಲ ಜಾತಿಗಳನ್ನು ಮೊಟ್ಟು ಮತ್ತು ಗಂಡು ಅಂಗದ ಲಕ್ಷಣ ಹಿಡಿದು ಆರು ಗುಂಪು ಮಾಡಿದರು. ಅರೆಕೇ, ಪಾಮಿವೋರಾ, ಮೀಡಿಯೈ ಮೂರೂ ಎರಡನೇ ಗುಂಪಿನಲ್ಲಿ ಒಟ್ಟಿಗೆ ಕೂತವು. ದಶಕಗಳ ಕಾಲ ಸಸ್ಯರೋಗ ತಜ್ಞರ ಮೇಜಿನ ಮೇಲೆ ಆ ಪುಸ್ತಿಕೆಯೇ ಪಂಚಾಂಗ.

ತಕರಾರು ಬಗೆಹರಿಸಿದ್ದು ಅಣುಗಳು. 1990ರ ಹೊತ್ತಿಗೆ ಕಿಣ್ವಗಳ ಹೋಲಿಕೆ ನಡೆದಾಗ ಅರೆಕೇ ಎಂದು ಸಂಗ್ರಹಾಲಯದಲ್ಲಿ ಇಟ್ಟುಕೊಂಡಿದ್ದ ಮಾದರಿಗಳು ಪಾಮಿವೋರಾದ ಒಳಗೇ ಬಿದ್ದವು. ಆಮೇಲೆ ಡಿಎನ್‌ಎ ಓದುವ ಕಾಲ ಬಂತು. 2000ದಲ್ಲಿ ಕುಲದ ವಂಶವೃಕ್ಷ ಡಿಎನ್‌ಎ ಆಧಾರದ ಮೇಲೆ ಹೊಸತಾಗಿ ತಯಾರಾದಾಗ ವಾಟರ್‌ಹೌಸ್ ಒಟ್ಟಿಗೆ ಕೂರಿಸಿದ್ದವರು ದೂರ ದೂರ ಹೋದರು: ಪಾಮಿವೋರಾ ನಾಲ್ಕನೇ ಶಾಖೆಗೆ, ಮೀಡಿಯೈ ಎರಡನೆಯದಕ್ಕೆ. ಮೊಟ್ಟು ಒಂದೇ ಥರ ಇದ್ದ ಮಾತ್ರಕ್ಕೆ ನೆಂಟರಲ್ಲ ಎಂದಾಯಿತು. ದಕ್ಷಿಣ ಭಾರತದ ತೋಟಗಳಿಂದ ತಂದ ಕೊಳೆರೋಗದ ಮಾದರಿಗಳನ್ನು ಇತ್ತೀಚಿನ ವರ್ಷಗಳಲ್ಲಿ ಹೀಗೆ ಓದಿದಾಗ ಹೆಚ್ಚಿನವು ಮೀಡಿಯೈ ಎಂದು ತೋರಿಬಂದಿವೆ. ಅಂದರೆ ರಬ್ಬರಿನ ಎಲೆ ಉದುರಿಸುವ ಜಾತಿ. ಹಳೆಯ ಪಠ್ಯಗಳಲ್ಲೂ ಕರಪತ್ರಗಳಲ್ಲೂ ಇನ್ನೂ ‘ಅರೆಕೇ’ ಎಂದೇ ಅಚ್ಚಾಗುತ್ತಿರುವುದು ಬೇರೆ ಮಾತು.

ಇದಕ್ಕಿಂತ ದೊಡ್ಡ ಪಲ್ಲಟ ನಡೆದದ್ದು ಮೇಲಿನ ಮಟ್ಟದಲ್ಲಿ. ಅಡ್ಡಗೋಡೆಯಿಲ್ಲದ ಎಳೆ, ಕೂದಲಿರುವ ಚಾವಟಿ ಎರಡನ್ನೂ ಮತ್ತೆ ನೆನೆಯಬೇಕು. ಶಿಲೀಂಧ್ರಗಳ ಜೀವಕೋಶದ ಗೋಡೆ ಕೈಟಿನ್‌ನಿಂದ ಆದದ್ದು, ಜೀರುಂಡೆಯ ಚಿಪ್ಪಿನಲ್ಲಿರುವ ಅದೇ ವಸ್ತು. ಫೈಟೋಫ್ತೋರಾದ ಗೋಡೆಯಲ್ಲಿ ಇರುವುದು ಗಿಡಮರಗಳಲ್ಲಿರುವ ಸೆಲ್ಯುಲೋಸ್ ಮತ್ತು ಗ್ಲೂಕನ್. ಶಿಲೀಂಧ್ರದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ಪದಾರ್ಥ ಬೇಕು, ಫೈಟೋಫ್ತೋರಾ ಅದನ್ನು ತಯಾರಿಸುವುದೇ ಇಲ್ಲ. ಮುಂದಿನ ಚಾವಟಿಯಲ್ಲಿ ಅಂಥ ಕೂದಲಿರುವ ಇತರ ಜೀವಿಗಳು ಯಾವುವೆಂದು ನೋಡಿದರೆ ಸಿಗುವುದು ಸಮುದ್ರದ ಕಂದು ಪಾಚಿ, ಡಯಾಟಮ್. ಥಾಮಸ್ ಕ್ಯಾವಲಿಯರ್-ಸ್ಮಿತ್ 1981ರಲ್ಲಿ ಇವನ್ನೆಲ್ಲ ‘ಕ್ರೋಮಿಸ್ಟಾ’ ಎಂಬ ಬೇರೆ ಸಾಮ್ರಾಜ್ಯಕ್ಕೆ ಸೇರಿಸಿದರು. ಆ ಸಾಮ್ರಾಜ್ಯದ ಗಡಿಯ ಬಗ್ಗೆ ಜಗಳ ಇನ್ನೂ ಇದೆ, ಫೈಟೋಫ್ತೋರಾ ಶಿಲೀಂಧ್ರ ಅಲ್ಲ ಎಂಬುದರಲ್ಲಿ ಜಗಳವಿಲ್ಲ. ಅಣಬೆ ಮನುಷ್ಯನಿಗೆ ಎಷ್ಟು ಹತ್ತಿರವೋ ಅಷ್ಟೂ ಹತ್ತಿರ ಮಹಾಳಿಗೆ ಅಲ್ಲ. ಶಿಲೀಂಧ್ರಗಳೂ ಪ್ರಾಣಿಗಳೂ ಒಂದೇ ದೊಡ್ಡ ಕವಲಿನವು, ಮಹಾಳಿಯದು ಇನ್ನೊಂದೇ ಕವಲು.

ಪ್ರಯೋಗಶಾಲೆಯವರು ಈ ಭೇದವನ್ನು ಒಂದು ಉಪಾಯಕ್ಕೆ ಬಳಸಿಕೊಳ್ಳುತ್ತಾರೆ. ಕೊಳೆತ ಕಾಯಿಯಿಂದ ರೋಗಾಣುವನ್ನು ಬೇರ್ಪಡಿಸುವಾಗ ನೂರೆಂಟು ಬೂಷ್ಟುಗಳು ಜೊತೆಗೆ ಬಂದು ತಟ್ಟೆಯನ್ನು ಆವರಿಸುತ್ತವೆ. ಅದಕ್ಕೇ ಅಗರಿಗೆ ಪಿಮರಿಸಿನ್ ಎಂಬ ಶಿಲೀಂಧ್ರನಾಶಕವನ್ನೂ ಒಂದೆರಡು ಪ್ರತಿಜೈವಿಕಗಳನ್ನೂ ಬೆರೆಸುತ್ತಾರೆ. ಪಿಮರಿಸಿನ್ ಹಿಡಿದುಕೊಳ್ಳುವುದು ಎರ್ಗೋಸ್ಟೆರಾಲನ್ನು. ಶಿಲೀಂಧ್ರಗಳು ಸಾಯುತ್ತವೆ, ಹಿಡಿತಕ್ಕೆ ಏನೂ ಸಿಗದ ಫೈಟೋಫ್ತೋರಾ ನಿಶ್ಚಿಂತೆಯಿಂದ ಬೆಳೆಯುತ್ತದೆ.

ತೋಟದಲ್ಲಿ ಇದೇ ಭೇದ ಕೈಸುಡಬಹುದು. ಕೆಲವು ವರ್ಷಗಳಿಂದ ಅಡಿಕೆಗೆ ಎಲೆಚುಕ್ಕಿ ರೋಗದ ಕಾಟ. ಅದರ ಕಾರಣ ಕೊಲೆಟೋಟ್ರೈಕಮ್, ಅಪ್ಪಟ ಶಿಲೀಂಧ್ರ. ಅದಕ್ಕೆ ಪ್ರೊಪಿಕೊನಜೋಲ್ ಬಿಡುತ್ತಾರೆ, ಅದು ಎರ್ಗೋಸ್ಟೆರಾಲ್ ತಯಾರಿಯನ್ನು ತಡೆಯುವ ಔಷಧ. ಅದೇ ಡಬ್ಬಿಯ ಮದ್ದನ್ನು ಮಹಾಳಿಗೂ ಆಗುತ್ತದೆಂದು ಬಿಟ್ಟರೆ ಖರ್ಚು ಮಾತ್ರ ದಕ್ಕೀತು. ಕಾರ್ಬೆಂಡಾಜಿಮ್‌ಗೂ ಇದೇ ಮಾತು. ಅತ್ತ ಮೆಟಾಲಾಕ್ಸಿಲ್, ಸೆಲ್ಯುಲೋಸ್ ಕಟ್ಟುವುದನ್ನು ತಡೆಯುವ ಮ್ಯಾಂಡಿಪ್ರೊಪಮಿಡ್‌ನಂಥವು ಇರುವುದೇ ಫೈಟೋಫ್ತೋರಾ ಬಳಗಕ್ಕೆ. ಇವು ಒಂದೇ ಗುರಿಯ ಮೇಲೆ ಹೊಡೆಯುವುದರಿಂದ ರೋಗಾಣು ತಪ್ಪಿಸಿಕೊಳ್ಳಲು ಕಲಿಯುವುದೂ ಬೇಗ. ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ ಮೆಟಾಲಾಕ್ಸಿಲ್ ಮಾರುಕಟ್ಟೆಗೆ ಬಂದ ಕೆಲವೇ ವರ್ಷಕ್ಕೆ, 1980ರಲ್ಲೇ, ಜಗ್ಗದ ತಳಿಗಳು ಎದ್ದಿದ್ದವು.

ಹೆಸರು ಒಂದೇ ಎಂದು ರೋಗಾಣುವೂ ಒಂದೇ ಬಳಗದ್ದಾಗಬೇಕಿಲ್ಲ. ಕಾಫಿಗೂ ಒಂದು ಕೊಳೆರೋಗ ಇದೆ, ಅದು ಅಡಿಕೆಯದರ ಬಂಧುವೇ ಅಲ್ಲ. ಮೈಸೂರು ಸೀಮೆಯಿಂದ ಹೋದ ರೋಗದ ಎಲೆಗಳನ್ನು ನೋಡಿ ಎಂ. ಸಿ. ಕುಕ್ 1876ರಲ್ಲಿ ‘ಪೆಲ್ಲಿಕ್ಯುಲೇರಿಯಾ ಕೊಲೆರೋಗ’ ಎಂದು ಹೆಸರಿಟ್ಟ ಆ ಜೀವಿ ಅಣಬೆಗಳ ಪಂಗಡದ ನಿಜವಾದ ಶಿಲೀಂಧ್ರ. 1958ರಲ್ಲಿ ಡಚ್ ವಿಜ್ಞಾನಿ ಡಾಂಕ್ ಅದಕ್ಕಾಗಿ ‘ಕೊಲೆರೋಗ’ ಎಂಬ ಕುಲವನ್ನೇ ಕಟ್ಟಿದ್ದೂ ಉಂಟು. ಅಡಿಕೆ ಮರದ ಬುಡದಲ್ಲಿ ಛತ್ರಿ ಎಬ್ಬಿಸುವ ಅಣಬೆ ರೋಗದ ಗ್ಯಾನೋಡರ್ಮ ಕೂಡ ಆ ಕಡೆಯದೇ.

ಫೈಟೋಫ್ತೋರಾ ಶಿಲೀಂಧ್ರವಲ್ಲ ಎಂಬುದು ಕೋಲ್ಮನ್‌ಗೆ ಗೊತ್ತಿರಲಿಲ್ಲ, ಮದ್ದು ಮಾತ್ರ ಸರಿಯಾಗಿ ಸಿಕ್ಕಿತ್ತು. ಅದು ಫ್ರಾನ್ಸಿನದು. ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಕದಿಯುವವರಿಗೆ ಹೇಸಿಗೆಯಾಗಲೆಂದು ರೈತರು ಮೈಲುತುತ್ತು ಮತ್ತು ಸುಣ್ಣ ಕಲಸಿ ಚಿಮುಕಿಸುತ್ತಿದ್ದರು. ಅಂಥ ಬಳ್ಳಿಗಳಿಗೆ ಬೂಜು ರೋಗ ತಗಲದ್ದನ್ನು ಕಂಡ ಪ್ರೊಫೆಸರ್ ಮಿಲ್ಲಾರ್ಡೆ 1885ರಲ್ಲಿ ಆ ದ್ರಾವಣವನ್ನು ಪ್ರಕಟಿಸಿದರು. ದ್ರಾಕ್ಷಿಯ ಆ ಬೂಜಿನ ರೋಗಾಣು ಪ್ಲಾಸ್ಮೊಪಾರಾ ಫೈಟೋಫ್ತೋರಾದ ಖಾಸಾ ಬಳಗ. ಕೋಲ್ಮನ್ ಬರುವ ತನಕ ಮಲೆನಾಡಿನಲ್ಲಿ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುವುದೇ ಉಪಾಯವಾಗಿತ್ತು. ಕೋಲ್ಮನ್ ಬೋರ್ಡೋ ದ್ರಾವಣಕ್ಕೆ ರಾಳ ಮತ್ತು ಸೋಡದ ಅಂಟು ಸೇರಿಸಿ ಮಳೆಗೆ ತೊಳೆದುಹೋಗದಂತೆ ಮಾಡಿ ಸಿಂಪಡಿಸಿ ತೋರಿಸಿದರು.

ಲೆಕ್ಕ ಇಂದಿಗೂ ಅದೇ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಒಟ್ಟು ಮಾಡಬೇಕು, ಹೊಳೆಯುವ ಚೂರಿ ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು. ತಾಮ್ರ ಸಿಪ್ಪೆಯ ಮೇಲೆ ಕೂತು ಈಜಿ ಬಂದ ಬೀಜಾಣುವನ್ನು ಹೊರಗೇ ಕೊಲ್ಲುತ್ತದೆ, ಒಳಹೊಕ್ಕ ಎಳೆಯನ್ನು ಮುಟ್ಟಲಾರದು. ಆದ್ದರಿಂದ ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು 40-45 ದಿನ ಬಿಟ್ಟು. ಮರ ಏರುವವರು ಸಿಗದೆ, ನೆಲದಲ್ಲೇ ನಿಂತು ದೋಟಿಯಿಂದ ಮದ್ದು ಬಿಡುವುದು ಈಗ ಕಾಸರಗೋಡಿನಲ್ಲೂ ರೂಢಿಗೆ ಬಂದಿದೆ.

ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೆಲಸವೂ ಫೈಟೋಫ್ತೋರಾ ಕುಲದ ಸುತ್ತ ಬಹಳ ಸುತ್ತಿದೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾಗಿ 1970ರಲ್ಲಿ ಈಗಿನ ರೂಪ ಪಡೆದ ಸಂಸ್ಥೆ ಅದು. ಅದರ ಕೆಲಸ ಈ ಕುಲದ ಸುತ್ತ ಸುತ್ತದೆ ಉಪಾಯವಿಲ್ಲ. ಈ ಕಡೆಯ ಸಾಧಾರಣ ಅಡಿಕೆ ತೋಟವೊಂದನ್ನು ನೋಡಿದರೆ ಫೈಟೋಫ್ತೋರಾದ ಕುಟುಂಬವೇ ಅಲ್ಲಿ ಸಂಸಾರ ಹೂಡಿರುತ್ತದೆ. ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ತರುವ ‘ಕ್ಯಾಪ್ಸಿಸಿ’, ನಡುವಿನ ಕೊಕ್ಕೊ ಕೋಡನ್ನು ಕಪ್ಪಾಗಿಸುವ, ತೆಂಗಿನ ಸುಳಿಯನ್ನೂ ಕೊಳೆಸುವ ‘ಪಾಮಿವೋರಾ’, ಮೇಲಿನ ಗುಡ್ಡದ ರಬ್ಬರಿನಲ್ಲಿ ‘ಮೀಡಿಯೈ’. ತೋಡಿನ ಬದಿಯ ಕೆಸುವಿನ ಎಲೆಯಲ್ಲಿ ಮಳೆಗಾಲಕ್ಕೆ ಕಂದು ಉಂಗುರ ಎಬ್ಬಿಸಿ, ಪತ್ರೊಡೆಗೆ ಎಲೆ ಕೊಯ್ಯಲು ಹೋದವರಿಗೆ ನಿರಾಸೆ ಮಾಡುವ ‘ಕೊಲೊಕೇಸಿಯೈ’ ಅಂತೂ ವಂಶವೃಕ್ಷದಲ್ಲಿ ಮೀಡಿಯೈನ ಹತ್ತಿರದ ದಾಯಾದಿ, ಎರಡೂ ಒಂದೇ ಶಾಖೆ. ಕುಲದಲ್ಲಿ ಈಗ ಇನ್ನೂರಕ್ಕೂ ಮಿಕ್ಕಿ ಜಾತಿಗಳಿವೆ, ಹೊಸವು ಸೇರುತ್ತಲೇ ಇವೆ. ಅವುಗಳಿಗೆ ಹೆಸರಿಡುವ ನಿಯಮ ಮಾತ್ರ ಇವತ್ತಿಗೂ ಪಾಚಿ, ಶಿಲೀಂಧ್ರ ಮತ್ತು ಸಸ್ಯಗಳ ಅಂತಾರಾಷ್ಟ್ರೀಯ ಸಂಹಿತೆಯದ್ದೇ. ಶಿಲೀಂಧ್ರವಲ್ಲವೆಂದು ತೀರ್ಮಾನವಾದರೂ ಕಡತ ಹಳೆಯ ಕಚೇರಿಯಲ್ಲೇ ಉಳಿದಿದೆ.

ಮಳೆಗಾಲದ ಕೊನೆಗೆ ತಗಲಿದ ರೋಗಕ್ಕೆ ಕಾಯಿ ಉದುರುವುದಿಲ್ಲ, ಕೊಳೆತು ಗೊನೆಯಲ್ಲೇ ಒಣಗಿ ಅಂಟಿಕೊಳ್ಳುತ್ತದೆ. ಅಂಥ ಗೊನೆ ಬೇಸಗೆಯಿಡೀ ಮರದ ತಲೆಯಲ್ಲಿ ಉಳಿದರೆ ಮುಂದಿನ ವರ್ಷದ ಮೊದಲ ಬೀಜಾಣುಗಳು ಹೊರಡುವುದು ಅಲ್ಲಿಂದಲೇ, ಕೆಲವೊಮ್ಮೆ ಸುಳಿಗೂ ಇಳಿದು ಮರವನ್ನೇ ತೆಗೆದುಬಿಡುತ್ತದೆ. ಆದ್ದರಿಂದ ಕೊಯ್ಲಿಗೆ ಮರ ಏರಿದಾಗಲೇ ಒಣಗಿದ ರೋಗದ ಗೊನೆಗಳನ್ನೂ ಕಿತ್ತಿಳಿಸಿ, ಬುಡದಲ್ಲಿ ಬಿದ್ದ ಕೊಳೆತ ಕಾಯಿಗಳ ಜೊತೆ ಒಟ್ಟು ಮಾಡಿ ಸುಡಬೇಕು. ಒಂದು ತೋಟದವರು ಸುಟ್ಟು ಪಕ್ಕದವರು ಬಿಟ್ಟರೆ ಗಾಳಿಮಳೆಗೆ ಬೇಲಿಯ ಲೆಕ್ಕವಿಲ್ಲ.